ಕಾಲಿಡಬಾರದ ತೋಟ

ತೋಟ ಅಂದಮೇಲೆ ಅದರಲ್ಲಿ ಅಡ್ಡಾಡಬೇಕು. ಎಲೆ ಕಿತ್ತು ಮೂಸಬೇಕು, ಬೆಂಚು ಸಿಕ್ಕರೆ ಕೂತು ಕಾಲು ಚಾಚಬೇಕು. ನಾನು ನಂಬಿಕೊಂಡು ಬಂದದ್ದು ಇಷ್ಟೇ. ಜಪಾನಿನ ಯಾಸುಗಿಯ ಅದಾಚಿ ಕಲಾ ಮ್ಯೂಸಿಯಂ ಆ ನಂಬಿಕೆಗೆ ಎಳ್ಳುನೀರು ಬಿಡಿಸಿತು.

ಸ್ಟೇಷನ್ನಿನಿಂದ ಮ್ಯೂಸಿಯಂನವರದೇ ಪುಕ್ಕಟೆ ಬಸ್ಸು. ಇಳಿದು ಒಳಗೆ ಹೋದರೆ ದೊಡ್ಡ ಗಾಜು. ಅದರಾಚೆ ಬಿಳಿ ಜಲ್ಲಿ, ಬಂಡೆ, ದುಂಡಗೆ ಕತ್ತರಿಸಿದ ಪೊದೆ, ಪೈನ್ ಮರ, ಹಿಂದೆ ಬೆಟ್ಟ. ಗಾಜಿಗೆ ಮೂಗು ಒತ್ತಿ ನೋಡಿದೆ. ಆಮೇಲೆ ಬಾಗಿಲು ಹುಡುಕತೊಡಗಿದೆ.

"ಇದು ನೋಡೋ ತೋಟ ಕಣ್ರೀ, ಓಡಾಡೋ ತೋಟ ಅಲ್ಲ" ಅಂದಳು ಹೆಂಡತಿ. ಅವಳಿಗೆ ಮೊದಲೇ ಗೊತ್ತಿತ್ತು. ಹೇಳಿದ್ದರೆ ನಾನು ಬರುತ್ತಿರಲಿಲ್ಲ ಅನ್ನುವುದೂ ಗೊತ್ತಿತ್ತು.

ಸುಮಾರು 40 ಎಕರೆ ತೋಟ, ಒಂದು ಹೆಜ್ಜೆ ಇಡುವ ಹಾಗಿಲ್ಲ! ಅಮೆರಿಕದ ಒಂದು ಪತ್ರಿಕೆ 2003ರಿಂದ ವರ್ಷವರ್ಷವೂ ಜಪಾನಿನ ತೋಟಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಡುತ್ತಿದೆಯಂತೆ. ನಮ್ಮಂಥವರನ್ನು ಒಳಗೆ ಬಿಡದೇ ಇರುವುದೇ ಅದರ ಗುಟ್ಟೋ ಏನೋ.

ಇದನ್ನು ಕಟ್ಟಿಸಿದ ಅದಾಚಿ ಜೆಂಕೊ ಇದೇ ಸೀಮೆಯ ರೈತರ ಮನೆಯವರು. ಹುಡುಗನಾಗಿದ್ದಾಗ ಇದ್ದಿಲಿನ ಗಾಡಿ ಎಳೆದವರು, ಮುಂದೆ ವ್ಯಾಪಾರದಲ್ಲಿ ದುಡ್ಡು ಮಾಡಿದರು. 1970ರಲ್ಲಿ ಮ್ಯೂಸಿಯಂ ತೆರೆದಾಗ ಅವರಿಗೆ 71 ವರ್ಷ. ತೋಟವೂ ಒಂದು ಚಿತ್ರವೇ ಅನ್ನುತ್ತಿದ್ದರಂತೆ. ಚಿತ್ರದೊಳಕ್ಕೆ ಯಾರಾದರೂ ಕಾಲಿಡುತ್ತಾರಾ? ವಾದ ಸರಿಯೇ, ಆದರೂ ನನ್ನ ಕಾಲು ಒಪ್ಪಲಿಲ್ಲ.

ಒಂದು ಕೋಣೆಯಲ್ಲಿ ಉದ್ದನೆಯ ಚಿತ್ರಪಟ ತೂಗುಹಾಕಿದ್ದರು. ಬಿಳಿ ಮರಳು, ಹಸಿರು ಪೈನ್. ಚೆನ್ನಾಗಿ ಬರೆದಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಚಿತ್ರದೊಳಗೆ ಒಂದು ಕೊಂಬೆ ಅಲ್ಲಾಡಿತು. ನೋಡಿದರೆ ಅಲ್ಲಿ ಪಟವೇ ಇಲ್ಲ! ಪಟದ ಅಳತೆಗೆ ಸರಿಯಾಗಿ ಗೋಡೆಯನ್ನು ಕೊರೆದು, ಆಚೆಯ ತೋಟವನ್ನೇ ತೋರಿಸಿದ್ದಾರೆ. ಅದರ ಮುಂದೆ ಎಷ್ಟು ಹೊತ್ತು ನಿಂತೆನೋ. ಒಂದು ಎಲೆ ಉದುರಿದರೂ ಯಾರೋ ಚಿತ್ರ ತಿದ್ದಿದ ಹಾಗೆ ಕಾಣುತ್ತಿತ್ತು.

ಒಳಗೆ ನಿಜವಾದ ಚಿತ್ರಗಳೂ ಇವೆ ಅನ್ನಿ. ಯೊಕೊಯಾಮ ತೈಕನ್ ಎಂಬ ದೊಡ್ಡ ಕಲಾವಿದರ ಕೃತಿಗಳೇ ಸುಮಾರು 120 ಇವೆಯಂತೆ. ಬಿಳಿ ಮರಳಿನ ಆ ತೋಟವನ್ನು ಮಾಡಿದ್ದೇ ತೈಕನ್ನರ ಒಂದು ಚಿತ್ರವನ್ನು ನೋಡಿಕೊಂಡು. ಮರ ನೋಡಿ ಚಿತ್ರ ಬರೆಯುವವರನ್ನು ಕಂಡಿದ್ದೇನೆ. ಚಿತ್ರ ನೋಡಿ ಮರ ನೆಟ್ಟವರನ್ನು ಇಲ್ಲೇ ಕಂಡದ್ದು.

ದೂರದ ಬೆಟ್ಟದಿಂದ ಒಂದು ಜಲಪಾತ ಬೀಳುತ್ತಿತ್ತು. "ಇದೊಂದಾದರೂ ದೇವರು ಮಾಡಿದ್ದು, ಅಲ್ವಾ?" ಅಂದೆ. ಹೆಂಡತಿ ಕೈಯಲ್ಲಿದ್ದ ಹಾಳೆ ನೋಡಿ, "1978ರಲ್ಲಿ ಇವರೇ ಮಾಡಿಸಿದ್ದಂತೆ. 15 ಮೀಟರ್" ಅಂದಳು. ಆಮೇಲೆ ಬೆಟ್ಟದ ಬಗ್ಗೆ ಕೇಳುವ ಧೈರ್ಯ ಬರಲಿಲ್ಲ.

ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಸಿಬ್ಬಂದಿಯೆಲ್ಲ ಸೇರಿ ಗುಡಿಸಿ ಒಪ್ಪ ಮಾಡುತ್ತಾರಂತೆ. ಹಾಗಾದರೆ ಈ ತೋಟದಲ್ಲಿ ಓಡಾಡುವ ಭಾಗ್ಯ ಪೊರಕೆ ಹಿಡಿದವರಿಗೆ ಮಾತ್ರ. ಅಲ್ಲಿ ಕೆಲಸ ಖಾಲಿ ಇದೆಯಾ ಅಂತ ಸುಮ್ನೆ ಯೋಚಿಸಿದೆ.

ಹೊರಡುವ ಮುಂಚೆ ಇನ್ನೊಂದು ಸುತ್ತು ಹೋಗೋಣ ಅಂದವನು ನಾನೇ. ಹೆಂಡತಿ ನಕ್ಕಳು, ಏನೂ ಹೇಳಲಿಲ್ಲ. ಮೊದಲ ಗಾಜಿನ ಹತ್ತಿರ ಬಂದು ನೋಡಿದೆ. ನನ್ನ ಮೂಗಿನ ಗುರುತನ್ನು ಆಗಲೇ ಯಾರೋ ಒರೆಸಿಬಿಟ್ಟಿದ್ದರು.