ಮೇಲಿನವರಿಗೆ ನಾನೇನು ಹೇಳಲಿ?

ಇವತ್ತು ಎಸ್ಸೆಸ್ಸೆಲ್ಸಿ ಫಲಿತಾಂಶದ ಪರಿಶೀಲನಾ ಸಭೆ ಇತ್ತು. ನಮ್ಮ ಎಚ್‌ಎಂ (ಹೆಡ್‌ಮಾಸ್ಟರ್) ರಜೆಯಲ್ಲಿದ್ದಾರೆ, ಸೀನಿಯರ್ ಅಂತ ನನ್ನನ್ನು ಕಳಿಸಿದರು. ಮನೆಗೆ ಬಂದು ಮಂಡಕ್ಕಿ ತಿಂದು, ಎರಡು ಲೋಟ ಟೀ ಕುಡಿದರೂ ತಲೆ ತಣ್ಣಗಾಗಿಲ್ಲ. ಸರ್ಕಾರಿ ನೌಕರರು ಇದನ್ನೆಲ್ಲ ಫೇಸ್‌ಬುಕ್ಕಿನಲ್ಲಿ ಬರೀಬಾರದು ಕಣ್ರೀ ಅಂತ ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಿದ್ದಾಳೆ. ಅದಕ್ಕೇ ಯಾವ ಊರು, ಯಾವ ಸಾಹೇಬರು ಅಂತ ಬರೆಯುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಮೇಷ್ಟ್ರು ಗೆಳೆಯರೇ, ಊಹಿಸೋಕೂ ಹೋಗಬೇಡಿ. ನಿಮ್ಮ ಕಡೆಯೂ ಇಂಥವರೊಬ್ಬರು ಇದ್ದೇ ಇರುತ್ತಾರೆ.

ಸಭೆ ಶುರುವಾಗಿದ್ದೇ ಸತೀಶ್ ಧವನ್ ಕಥೆಯಿಂದ. ಶಿಕ್ಷಕರ ದಿನಾಚರಣೆ ಬಂದರೆ ಪ್ರತಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಸುತ್ತುತ್ತದಲ್ಲ, ಅದೇ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಆ ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಪ್ರಶ್ನೆಗೆ ಎದೆ ಕೊಟ್ಟು ಕೂತಿದ್ದು ಇಸ್ರೋ ಅಧ್ಯಕ್ಷ ಧವನ್. ಮಾರನೇ ವರ್ಷ ಜುಲೈ 18ಕ್ಕೆ ಅದೇ ರಾಕೆಟ್ಟಿನಲ್ಲಿ ಹೋದ ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಆವತ್ತು ಧವನ್ ಹಿಂದೆ ಸರಿದು ಪತ್ರಕರ್ತರ ಮುಂದೆ ಕಲಾಂ ಅವರನ್ನೇ ಕಳಿಸಿದರು.

"ನಾಯಕ ಅಂದರೆ ಹೀಗಿರಬೇಕು" ಅಂದರು ಸಾಹೇಬರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟಿದ ಕೈ ಕೆಳಗಿಳಿಯುವ ಮೊದಲೇ ಪರದೆ ಮೇಲೆ ಶೀಟ್ ಬಂತು. ಒಂದೊಂದು ಸಾಲಿಗೆ ಒಂದೊಂದು ಶಾಲೆ, ಕಡಿಮೆ ಬಂದ ಶಾಲೆಗಳಿಗೆ ಕೆಂಪು ಬಣ್ಣ. ಕೆಂಪಿನವರೆಲ್ಲ ಎದ್ದು ನಿಲ್ಲಬೇಕಂತೆ. ನಿವೃತ್ತಿಗೆ ಇನ್ನು ಕೆಲವೇ ತಿಂಗಳಿರುವ ಒಬ್ಬ ಎಚ್‌ಎಂ ನನ್ನ ಪಕ್ಕದಲ್ಲೇ ಎದ್ದು ನಿಂತು, ಪೆನ್ನಿನ ಕ್ಯಾಪ್ ತೆಗೆಯೋದು ಹಾಕೋದು, ತೆಗೆಯೋದು ಹಾಕೋದು ಮಾಡುತ್ತಿದ್ದರು. ಅವರ ಕೈಯಲ್ಲಿ ಕಲಿತವರು ಇದೇ ಜಿಲ್ಲೆಯಲ್ಲಿ ಡಾಕ್ಟರಾಗಿದ್ದಾರೆ, ಎಂಜಿನಿಯರಾಗಿದ್ದಾರೆ. ಸಾಹೇಬರ ಬಾಯಲ್ಲಿ ಮಾತ್ರ ಒಂದೇ ಮಾತು: "ಏನ್ರೀ ಇದು? ಮೇಲಿನವರಿಗೆ ನಾನೇನು ಹೇಳಲಿ?"

ಎಲ್ಲರಿಗೂ ಅದೇ ಪ್ರಶ್ನೆ. ಮಕ್ಕಳು ಯಾಕೆ ಫೇಲಾದರು ಅಂತ ಒಂದು ಸಲವಾದರೂ ಕೇಳಬಹುದಿತ್ತು ಅಲ್ವಾ? ಕೇಳಲಿಲ್ಲ. ಮಧ್ಯದಲ್ಲಿ ಆ ಮೇಲಿನವರದ್ದೇ ಫೋನ್ ಬಂತು. ಸಾಹೇಬರು ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದರು: "ಆಯ್ತು ಸರ್... ಇಲ್ಲ ಸರ್... ಆಯ್ತು ಸರ್." ಫೋನ್ ಇಟ್ಟ ಮೇಲೆ ಅವರ ದನಿ ಮೊದಲಿಗಿಂತ ಜಾಸ್ತಿ ಆಯಿತು. ಆ ಫೋನಿನಲ್ಲಿ ಬಂದಿದ್ದು ಒಂದು ಹನಿಯೂ ಚೆಲ್ಲದೆ ನಮ್ಮ ತಲೆ ಮೇಲೆ ಬಿತ್ತು. ಇದನ್ನು ಜನ 'ಸಾಹೇಬರು ಪ್ರೆಷರ್ ತಡೀತಾರೆ' ಅಂತ ಹೊಗಳುತ್ತಾರೆ. ಎಲ್ಲಿ ತಡೆದರು ಸ್ವಾಮಿ? ದಾಟಿಸಿದರು ಅಷ್ಟೇ!

ಧವನ್ ಕಥೆಯ ಮುಖ್ಯವಾದ ಒಂದು ತುಂಡನ್ನು ಸಾಹೇಬರು ನುಂಗಿಬಿಟ್ಟಿದ್ದರು. 1979ರ ಆ ಉಡಾವಣೆಗೆ ಸ್ವಲ್ಪ ಮುಂಚೆ ಕಂಪ್ಯೂಟರ್ ಬೇಡ ಅಂದಿತ್ತು. ಅದನ್ನು ಮೀರಿ ಹಾರಿಸುವ ತೀರ್ಮಾನ ತನ್ನದೇ ಅಂತ ಕಲಾಂ ಆಮೇಲೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಅಂದರೆ ಧವನ್ ಬೆನ್ನಿಗೆ ನಿಂತಿದ್ದು ತಪ್ಪೇ ಮಾಡದ ಮನುಷ್ಯನಿಗಲ್ಲ. ತಪ್ಪಾಗಿದೆ ಅಂತ ಗೊತ್ತಿದ್ದೂ ನಿಂತರು. ಆಗ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ನಿರ್ದೇಶಕರೂ ಹೌದು. ಅದೇ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ನಮ್ಮ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿದೆ, ವಿಜ್ಞಾನದ ಮೇಷ್ಟ್ರುಗಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ನಾನೂ ಹೋಗಿ ಬಂದಿದ್ದೇನೆ. ಪ್ರಯೋಗ ಕೆಟ್ಟರೆ ಅಲ್ಲಿ ಕೇಳೋದು ಏನು ಕೆಟ್ಟಿತು ಅಂತ. ಯಾರು ಕೆಡಿಸಿದರು ಅಂತ ಅಲ್ಲ.

ಇಷ್ಟೇ ಆಗಿದ್ದರೆ ನಾನು ಬೈಕೊಂಡು ಮಲಗುತ್ತಿದ್ದೆ. ಬರೆಯೋಕೆ ಕೂತಿದ್ದು ಒಬ್ಬ ಮೇಡಂ ದೆಸೆಯಿಂದ. ಹಳ್ಳಿ ಪ್ರೌಢಶಾಲೆಯ ಎಚ್‌ಎಂ. ಅವರದ್ದೂ ಕೆಂಪು.

"ಯಾವ ಸಬ್ಜೆಕ್ಟಲ್ಲಿ ಹೋಗಿದೆ ಮೇಡಂ? ಆ ಟೀಚರ್ ಹೆಸರು ಹೇಳಿ, ನೋಟಿಸ್ ಕೊಡೋಣ."

"ಗಣಿತ ಸರ್. ನನ್ನ ಹೆಸರೇ ಬರ್ಕೊಳ್ಳಿ."

"ನೀವು ಗಣಿತ ಮಾಡ್ತೀರಾ?"

"ಇಲ್ಲ ಸರ್, ನಾನು ಕನ್ನಡ. ಗಣಿತಕ್ಕೆ ಅತಿಥಿ ಶಿಕ್ಷಕರಿದ್ರು, ದಸರಾ ಆದ್ಮೇಲೆ ಬಿಟ್ಟು ಹೋದ್ರು. ವಿಜ್ಞಾನದ ಮೇಷ್ಟ್ರೇ ಎರಡೂ ತಗೊಂಡ್ರು. ಅವರಿಗೆ ನೋಟಿಸ್ ಕೊಟ್ರೆ ಮುಂದಿನ ವರ್ಷ ಅವರೂ ಕೈ ಎತ್ತಿಬಿಡ್ತಾರೆ."

"ಹಂಗಂದ್ರೆ ಮೇಲಿನವರಿಗೆ ನಾನೇನು ಹೇಳಲಿ?"

"ಇದನ್ನೇ ಹೇಳಿ ಸರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರು ಮುಂದಿನ ಶಾಲೆಗೆ ಹೋದರು. ಅಷ್ಟು ಹೊತ್ತಿನಲ್ಲಿ ಮೇಡಂ ದನಿ ಒಂದು ಸಲವೂ ಏರಲಿಲ್ಲ.

ನಾನು ಅವರ ಕೈಕೆಳಗೆ ಕೆಲಸ ಮಾಡಿದವನು, ಗೆಳೆಯರಿಗೆ ಗೊತ್ತು. ರಾತ್ರಿ ಹತ್ತು ಗಂಟೆಗೆ ಮೇಲಿಂದ 'ತುರ್ತು, ಅತಿ ತುರ್ತು' ಅಂತ ಮೆಸೇಜ್ ಬರುತ್ತದಲ್ಲ, ಬೇರೆ ಎಚ್‌ಎಂಗಳು ಅದನ್ನು ಹಾಗೇ ಸ್ಟಾಫ್ ಗ್ರೂಪಿಗೆ ತಳ್ಳಿ ನೆಮ್ಮದಿಯಾಗಿ ಮಲಗುತ್ತಾರೆ. ಆಮೇಲೆ ಎಚ್ಚರ ಇರೋದು ನಾವು. ಈ ಮೇಡಂ ತಳ್ಳುತ್ತಿರಲಿಲ್ಲ. ಒಂದು ಉದ್ದ ನೋಟ್‌ಬುಕ್ ಇತ್ತು, ಅದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕರೆದು, ಅವರವರಿಗೆ ಎಷ್ಟು ಬೇಕೋ ಅಷ್ಟು ಹೇಳುತ್ತಿದ್ದರು. ಹಾಗಂತ ಸಡಿಲ ಹೆಂಗಸಲ್ಲ. ಈರುಳ್ಳಿ ಕೀಳುವ ಹೊತ್ತಿಗೆ ಹತ್ತನೇ ಕ್ಲಾಸಿನ ಹುಡುಗರು ಹೊಲ ಸೇರಿದರೆ ನಮ್ಮನ್ನೂ ಕಟ್ಟಿಕೊಂಡು ಹೊಲಕ್ಕೇ ಹೋಗೋರು. ನನ್ನ ಪಾಠ ಟಿಪ್ಪಣಿ ಬಾಕಿ ಇದ್ದರೆ ಬಾಗಿಲು ಹಾಕಿಕೊಂಡು ಸರಿಯಾಗಿ ಕೇಳೋರು. ಬಾಗಿಲು ಹಾಕಿಕೊಂಡು, ಅದು ಮುಖ್ಯ. 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ ಜಲಾಶಯ 1933 ಆದ ಮೇಲೆ ಮೊದಲ ಸಲ ಕೋಡಿ ಬಿತ್ತಲ್ಲ, ನಾವೆಲ್ಲ ಬುತ್ತಿ ಕಟ್ಟಿಕೊಂಡು ನೋಡೋಕೆ ಹೋಗಿದ್ದೆವು. ಜನ ನೋಡೋದು ಕೋಡಿಯನ್ನೇ. ಬೆಳೆ ಬರೋದು ಮಾತ್ರ ತೂಬಿನಿಂದ, ಬೇಕಾದಷ್ಟೇ ಬಿಡುವ ತೂಬಿನಿಂದ. ಮೇಡಂ ಮಾಡುತ್ತಿದ್ದುದು ಆ ಕೆಲಸ.

ಈಗ ನನ್ನ ಭಾವಮೈದ ಕಮೆಂಟ್ ಹಾಕುತ್ತಾನೆ, ಗೊತ್ತು. ಬ್ಯಾಂಕಿನಲ್ಲಿದ್ದಾನೆ, ದಿನಾ ಟಾರ್ಗೆಟ್ ಊಟ ಮಾಡುವವನು. "ಪ್ರೆಷರ್ ಇಲ್ಲದಿದ್ರೆ ಸರ್ಕಾರಿ ಮೇಷ್ಟ್ರು ಕೆಲಸ ಮಾಡ್ತಾರಾ ಭಾವ?" ಅಂತ. ಮಾಡದವರು ಇದ್ದಾರಪ್ಪ, ಇಲ್ಲ ಅನ್ನೋಲ್ಲ. ಶಾಲೆ ಬಿಟ್ಟು ಸೈಟ್ ವ್ಯಾಪಾರ ಮಾಡುವವರೂ ಇದ್ದಾರೆ. ಆದರೆ ಇವತ್ತು ಬೈಸಿಕೊಂಡವರು ಅವರಲ್ಲ. ಅಂಥವರಿಗೆ ಯಾವ ಸಭೆಯೂ ನಾಟುವುದಿಲ್ಲ.

ಇನ್ನೊಂದು, ನಾನು ವಿಜ್ಞಾನದವನು, ಸುಮ್ನೆ ಬಿಡೋಲ್ಲ. 1908ರಲ್ಲೇ ಯರ್ಕ್ಸ್ ಮತ್ತು ಡಾಡ್ಸನ್ ಅಂತ ಇಬ್ಬರು ಅಮೆರಿಕದಲ್ಲಿ ಇಲಿಗಳಿಗೆ ಶಾಕ್ ಕೊಟ್ಟು ನೋಡಿದ್ದರು. ಸುಲಭದ ಕೆಲಸವಾದರೆ ಶಾಕ್ ಏರಿದಷ್ಟೂ ಇಲಿ ಬೇಗ ಕಲಿಯಿತು. ಕಷ್ಟದ ಕೆಲಸಕ್ಕೆ ಒಂದು ಮಟ್ಟ ದಾಟಿದ ಮೇಲೆ ಶಾಕ್ ಜಾಸ್ತಿ ಆದಷ್ಟೂ ಕಲಿಕೆ ಕೆಟ್ಟಿತು. ಗಣಿತ ಬಾರದ ಹುಡುಗನಿಗೆ ಗಣಿತ ಕಲಿಸೋದು ಸುಲಭದ ಕೆಲಸ ಅಂತ ಯಾರಿಗಾದರೂ ಅನ್ನಿಸಿದರೆ, ನಮ್ಮ ಒಂಬತ್ತನೇ 'ಬಿ' ಸೆಕ್ಷನ್‌ಗೆ ಬನ್ನಿ, ಸ್ವಾಗತ.

ನಮ್ಮ ಜಿಲ್ಲೆಯದ್ದೇ ನೋಡಿ. 2023ರಲ್ಲಿ ಚಿತ್ರದುರ್ಗ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು, ಶೇ 96.80. ಸಿಹಿ ಹಂಚಿದೆವು, ಫೋಟೋ ತೆಗೆಸಿಕೊಂಡೆವು, ನಾನೂ ಇದ್ದೆ. ಆ ಸಂತೋಷ ಬೇಸಿಗೆ ರಜೆ ಮುಗಿಯುವ ತನಕವೂ ಉಳಿಯಲಿಲ್ಲ, 'ಮೊದಲ ಸ್ಥಾನ ಉಳಿಸಿಕೊಳ್ಳಬೇಕು' ಶುರುವಾಯಿತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕ್ಯಾಮೆರಾ ಇಟ್ಟು ನೇರ ನಿಗಾ. ಉಡುಪಿ ಮೊದಲಾಯಿತು, ನಾವು ಎಲ್ಲೋ ಕೆಳಗೆ. ಇಡೀ ರಾಜ್ಯದ್ದೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಮಾರ್ಕ್ಸ್ ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಯಾರ ಮೇಲೂ ಕೊಂಕು ಹೇಳುತ್ತಿಲ್ಲ. ಕೆಳಗೆ ತಳ್ಳಿದ ಒತ್ತಡ ಕೊನೆಗೆ ಎಲ್ಲಿಗೆ ಹೋಗಿ ಕೂರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಬೆಂಗಳೂರಿಂದ ಹೊರಟಿದ್ದು ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ, ಎಚ್‌ಎಂಗೆ, ಮೇಷ್ಟ್ರಿಗೆ, ಕೊನೆಗೆ ಹದಿನೈದು ವರ್ಷದ ಹುಡುಗನಿಗೆ. ಆ ಹುಡುಗ ಯಾರಿಗೆ ದಾಟಿಸಬೇಕು? ಅವನ ಕೆಳಗೆ ಯಾರಿದ್ದಾರೆ?

ಒಂದು ವಿಷಯ ಹೇಳಿಬಿಡ್ತೀನಿ. ಪ್ರಭಾರ ಎಚ್‌ಎಂ ಆಗಿ ಅಂತ ನನ್ನನ್ನೂ ಕೇಳಿದ್ದರು. ಬಿಪಿ ಇದೆ ಅಂತ ತಪ್ಪಿಸಿಕೊಂಡೆ. ಬಿಪಿ ಇರೋದು ನಿಜ, ಆದರೆ ಕಾರಣ ಅದಲ್ಲ. ನನಗೆ ಯಾರಾದರೂ ಬೈದರೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆ ಕುರ್ಚಿಯಲ್ಲಿ ಕೂತರೆ ವಾರದೊಳಗೆ ನಾನೂ 'ಮೇಲಿನವರಿಗೆ ಏನು ಹೇಳಲಿ' ಅಂತ ಶುರು ಮಾಡ್ತೀನಿ ಅನ್ನೋ ಭಯ. ಅದಕ್ಕೇ ಆ ಮೇಡಂ ಕಂಡರೆ ನನಗೆ ಗೌರವದ ಜೊತೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ.

ಸಭೆ ಮುಗಿದ ಮೇಲೆ ಹೊರಗೆ ಟೀ ಅಂಗಡಿ ಹತ್ತಿರ ಸಿಕ್ಕಿದರು. ಭಾರಿ ಮಾತಾಡಿದ್ರಿ ಮೇಡಂ ಅಂದೆ. ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಸರ್, ಗಣಿತಕ್ಕೆ ಯಾರಾದ್ರೂ ಗೊತ್ತಿದ್ರೆ ಹೇಳಿ" ಅಂದರು. ಆದ್ದರಿಂದ ಗೆಳೆಯರೇ, ಬಿ.ಎಸ್ಸಿ., ಬಿ.ಇಡಿ. ಆದವರು, ಅತಿಥಿ ಶಿಕ್ಷಕರ ಗೌರವಧನ ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅಂತ ಗೊತ್ತಿದ್ದೂ ಹಳ್ಳಿಗೆ ಹೋಗಿ ಬರೋಕೆ ತಯಾರಿರುವವರು ಇದ್ದರೆ ನನಗೆ ಮೆಸೇಜ್ ಹಾಕಿ. ಊರಿಗೆ ಬೆಳಿಗ್ಗೆ ಒಂದು ಬಸ್ ಇದೆ, ಸಂಜೆ ಒಂದು. ಶಾಲೆ ಶುರುವಾಗುವ ಮೊದಲೇ ಬೇಕು.