ಮುಂದೇನಾಯ್ತು ಅಂತ ಕೇಳುವವರು

ಕತೆ ಬರೆಯುವವರಿಗೆ ತಪ್ಪದೇ ಎದುರಾಗುವ ಪ್ರಶ್ನೆ: "ನಿಮಗೆ ಪ್ರೇರಣೆ ಯಾರು?" ನಾವು ದೊಡ್ಡ ಲೇಖಕರ ಹೆಸರು ಹೇಳುತ್ತೇವೆ, ಚಿಕ್ಕಂದಿನಲ್ಲಿ ಕೇಳಿದ ಕತೆಗಳನ್ನು ನೆನೆಯುತ್ತೇವೆ. ಅದೆಲ್ಲ ನಿಜವೇ. ಆದರೆ ನಾನು ಮನಸ್ಸು ಬಿಚ್ಚಿ ಉತ್ತರ ಕೊಡಬೇಕೆಂದರೆ ನನ್ನ ಸ್ನೇಹಿತರ ಹೆಸರು ಹೇಳಬೇಕು. ಅವರಲ್ಲಿ ಹೆಚ್ಚಿನವರು ಒಂದು ಸಾಲೂ ಬರೆದವರಲ್ಲ.

ಲೇಖಕ ಒಂಟಿ ಜೀವಿ ಅನ್ನುವ ಮಾತು ನಮಗೆಲ್ಲ ಬಹಳ ಪ್ರಿಯ. ಬರೆಯಲು ಕೂತ ಹೊತ್ತಿನ ಮಟ್ಟಿಗೆ ಅದು ಸರಿ. ನಮ್ಮ ಪರವಾಗಿ ಬೇರೆ ಯಾರೂ ವಾಕ್ಯ ಕಟ್ಟಿಕೊಡಲಾರರು. ಆದರೆ ಕಾದಂಬರಿ ವರ್ಷಗಟ್ಟಲೆ ಎಳೆಯುವ ಕೆಲಸ. ಶುರುವಿನಲ್ಲಿ ಹುಮ್ಮಸ್ಸು ಇರುತ್ತದೆ. ಕೊನೆ ಕಣ್ಣಿಗೆ ಬಿದ್ದ ಮೇಲೆ ಅದೇ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಕೈಬಿಟ್ಟುಹೋಗುವುದು ನಡುವಿನಲ್ಲಿ. ಪಾತ್ರಗಳು ಮಾತು ನಿಲ್ಲಿಸುತ್ತವೆ, ಬರೆದದ್ದೆಲ್ಲ ಸಪ್ಪೆ ಅನ್ನಿಸುತ್ತದೆ. ಅಲ್ಲಿಗೇ ನಿಲ್ಲಿಸಿದರೂ ಕೇಳುವವರಿಲ್ಲ, ಯಾಕೆಂದರೆ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ. ಅಂಥ ಹೊತ್ತಿನಲ್ಲಿ "ಆಮೇಲೆ ಅವಳು ಮನೆಗೆ ವಾಪಸ್ ಹೋದ್ಲಾ, ಇಲ್ವಾ?" ಅಂತ ಕೇಳುವ ಗೆಳತಿ ಒಬ್ಬಳಿದ್ದರೆ ಸಾಕು. ಹೊಗಳಿಕೆ ನಾಲ್ಕು ದಿನ ಖುಷಿ ಕೊಡುತ್ತದೆ, ಮುಂದಿನ ಅಧ್ಯಾಯ ಬರೆಸುವುದು ಕುತೂಹಲ.

ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ 1937ರ ಕೊನೆಯಲ್ಲಿ ಶುರುಮಾಡಿದ ಮಹಾಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅಚ್ಚಾಗಿ ಹೊರಬಂದದ್ದು 1954-55ರಲ್ಲಿ. ಬರೆಯುತ್ತಿದ್ದ ಕಾಲದಲ್ಲಿ ಅದನ್ನು ಅಧ್ಯಾಯ ಅಧ್ಯಾಯವಾಗಿ ಕೇಳಿಸಿಕೊಂಡವರು ಆಕ್ಸ್‌ಫರ್ಡ್‌ನ ಗೆಳೆಯರು, ಮುಖ್ಯವಾಗಿ ಲೇಖಕ ಸಿ.ಎಸ್. ಲೂಯಿಸ್. ಲೂಯಿಸ್‌ಗೆ ತಾನು ತೀರಿಸಲಾಗದ ಋಣ ಹೊತ್ತಿದ್ದೇನೆ, ಅದು ಪ್ರಭಾವದ ಋಣವಲ್ಲ, ಬರಿಯ ಪ್ರೋತ್ಸಾಹದ್ದು ಅಂತ ಟೋಲ್ಕಿನ್ ಮುಂದೆ ಪತ್ರವೊಂದರಲ್ಲಿ ಹೇಳಿಕೊಂಡರು. ಹಾಗಂತ ಇಬ್ಬರ ಅಭಿರುಚಿ ಒಂದೇ ಆಗಿರಲಿಲ್ಲ. ಲೂಯಿಸ್ ಮಕ್ಕಳಿಗಾಗಿ ಬರೆದ ಕತೆಗಳು ಟೋಲ್ಕಿನ್‌ಗೆ ಅಷ್ಟಾಗಿ ಹಿಡಿಸಲಿಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಅಮೆರಿಕದ ಲೇಖಕಿ ಹಾರ್ಪರ್ ಲೀ ಬದುಕಿನ ಒಂದು ಕ್ರಿಸ್‌ಮಸ್. 1956ರ ಮಾತು. ಆಕೆ ನ್ಯೂಯಾರ್ಕ್‌ನಲ್ಲಿ ವಿಮಾನ ಸಂಸ್ಥೆಯೊಂದರಲ್ಲಿ ಟಿಕೆಟ್ ಕಾಯ್ದಿರಿಸುವ ಗುಮಾಸ್ತೆ. ಒಂದು ಪುಸ್ತಕವೂ ಹೊರಬಂದಿರಲಿಲ್ಲ. ಮೈಕಲ್ ಮತ್ತು ಜಾಯ್ ಬ್ರೌನ್ ಎಂಬ ಗೆಳೆಯ ದಂಪತಿ ಆಕೆಗೊಂದು ಲಕೋಟೆ ಕೊಟ್ಟರು. ಒಂದು ವರ್ಷ ಕೆಲಸ ಬಿಟ್ಟು ನಿನಗೆ ಬೇಕಾದ್ದನ್ನು ಬರೆ, ಖರ್ಚು ನಮ್ಮದು ಅನ್ನುವುದು ಅದರ ಸಾರಾಂಶ. ಅವರದ್ದು ಪುಟ್ಟ ಮಕ್ಕಳಿದ್ದ ಸಂಸಾರ. ಇಷ್ಟು ದೊಡ್ಡ ಅಪಾಯಕ್ಕೆ ಕೈಹಾಕಬೇಡಿ ಅಂತ ಲೀ ಹಿಂಜರಿದರೆ, ಇದರಲ್ಲಿ ಅಪಾಯವೇನೂ ಇಲ್ಲ, ನೀನು ಬರೆದೇ ಬರೆಯುತ್ತೀಯ ಅನ್ನುವ ಧಾಟಿಯಲ್ಲಿ ಅವರು ಉತ್ತರಿಸಿದರು. 'ಟು ಕಿಲ್ ಎ ಮಾಕಿಂಗ್‌ಬರ್ಡ್' 1960ರಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಈ ಪ್ರಸಂಗ ಹೇಳುವಾಗ ಜನ ಹಣದ ಹತ್ತಿರ ನಿಲ್ಲುತ್ತಾರೆ. ನಾನು ನಿಲ್ಲುವುದು ದಿನಾಂಕದ ಹತ್ತಿರ. ಪ್ರಶಸ್ತಿ ಬಂದ ಮೇಲೆ ನಂಬುವುದು ಸುಲಭ. ಪುರಾವೆಯೇ ಇಲ್ಲದ 1956ರಲ್ಲಿ ನಂಬಿದರಲ್ಲ, ಅದು ಸ್ನೇಹ.

ಇದೇ ಲೀ ಬದುಕಿನಲ್ಲಿ ಇನ್ನೊಂದು ಗೆಳೆತನವೂ ಇದೆ. ಬಾಲ್ಯದ ಗೆಳೆಯ, ಲೇಖಕ ಟ್ರೂಮನ್ ಕಪೋಟಿ ಆಕೆಯ ಕಾದಂಬರಿಯಲ್ಲಿ ಡಿಲ್ ಎಂಬ ಹುಡುಗನಾಗಿ ಉಳಿದುಕೊಂಡ. 1959ರಲ್ಲಿ ಅವನು ಕಾನ್ಸಸ್‌ನ ಕೊಲೆ ಪ್ರಕರಣದ ಬೆನ್ನುಹತ್ತಿ ಹೋದಾಗ ಆಕೆಯೂ ಜೊತೆಗೆ ಹೋಗಿ, ಊರಿನವರ ವಿಶ್ವಾಸ ಗಳಿಸಿ, ಪುಟಗಟ್ಟಲೆ ಟಿಪ್ಪಣಿ ಮಾಡಿಕೊಟ್ಟಳು. 1966ರಲ್ಲಿ ಆ ಪ್ರಕರಣದ ಬಗ್ಗೆ ಅವನ 'ಇನ್ ಕೋಲ್ಡ್ ಬ್ಲಡ್' ಪುಸ್ತಕ ಬಂದಾಗ ಅರ್ಪಣೆಯಲ್ಲಿ ಆಕೆಯ ಹೆಸರಿತ್ತು, ಆಕೆ ಮಾಡಿದ ಕೆಲಸಕ್ಕೆ ತಕ್ಕ ಮನ್ನಣೆ ಇರಲಿಲ್ಲ. ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸ್ನೇಹಿತರ ದುಡಿಮೆಯನ್ನು ಪ್ರೀತಿಯ ಲೆಕ್ಕಕ್ಕೆ ಸೇರಿಸಿ ಮರೆತುಬಿಡುವ ಅಭ್ಯಾಸ ಬರೆಯುವವರಲ್ಲಿ ತುಂಬಾ ಇದೆ.

ಪ್ರೇರಣೆಯ ವಿಷಯಕ್ಕೆ ಬಂದರೆ, ಅನಂತಮೂರ್ತಿಯವರು ಹೇಳಿಕೊಂಡಿದ್ದ ಪ್ರಸಂಗ ನನಗೆ ಅಚ್ಚುಮೆಚ್ಚು. ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲ. ಗುರುವೂ ಗೆಳೆಯನೂ ಆಗಿದ್ದ ಮಾಲ್ಕಮ್ ಬ್ರಾಡ್‌ಬರಿ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಲು ಹೋದರು. ಮಧ್ಯಯುಗದ ಕತೆ ಹೇಳುವ, ಸಬ್‌ಟೈಟಲ್ ಇಲ್ಲದ ಸ್ವೀಡಿಷ್ ಚಿತ್ರ. ಹೊರಬಂದ ಮೇಲಿನ ಮಾತುಕತೆಯಲ್ಲಿ ಬ್ರಾಡ್‌ಬರಿ ಹೇಳಿದ್ದು: ಯುರೋಪಿನವರು ಮಧ್ಯಯುಗವನ್ನು ಓದಿ ಕಲ್ಪಿಸಿಕೊಳ್ಳಬೇಕು, ನಿಮಗಾದರೆ ಅದು ಇನ್ನೂ ಜೀವಂತ ನೆನಪು. ಆ ಮಾತಿನ ಕಿಡಿಯಿಂದ 'ಸಂಸ್ಕಾರ' ಶುರುವಾಯಿತು, 1965ರಲ್ಲಿ ಪ್ರಕಟವಾಯಿತು. ಬ್ರಾಡ್‌ಬರಿ ವಸ್ತು ಕೊಡಲಿಲ್ಲ, ಕೊಡಲು ಅವರ ಹತ್ತಿರ ಇರಲೂ ಇಲ್ಲ. ಗೆಳೆಯನ ಒಳಗೆ ಮೊದಲೇ ಇದ್ದದ್ದನ್ನು ಹೊರಗಿನಿಂದ ಕಂಡು ಹೇಳಿದರು. ನನ್ನ ಕತೆಗಳ ಬೀಜವೂ ಬಹಳಷ್ಟು ಸಲ ಇಂಥ ಮಾತಿನಲ್ಲೇ ಸಿಕ್ಕಿದೆ. ನಾನು ಮಾಮೂಲು ಅಂದುಕೊಂಡು ಹೇಳಿ ಮುಗಿಸಿದ್ದನ್ನು ಗೆಳೆಯನೊಬ್ಬ "ಏ, ತಡಿ, ಇನ್ನೊಂದ್ಸಲ ಹೇಳು" ಅಂದ ಕ್ಷಣದಲ್ಲಿ.

ಇನ್ನು ಸ್ನೇಹಿತರ ಬದುಕೇ ಕತೆಗೆ ನುಗ್ಗುವ ವಿಚಾರ. ಲೇಖಕರು ನಿರ್ದಾಕ್ಷಿಣ್ಯವಾಗಿರಬೇಕು, ಕಂಡದ್ದೆಲ್ಲ ಕಲೆಗೆ ಸಲ್ಲಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೆಳತಿ ನನ್ನ ಮುಂದೆ ಅತ್ತದ್ದು ನನ್ನನ್ನು ನಂಬಿದ್ದಕ್ಕೆ, ಕತೆಗೆ ಸಾಮಗ್ರಿ ಒದಗಿಸಲಿಕ್ಕಲ್ಲ. ಹೆಸರು, ಕೆಲಸ, ಊರು ಬದಲಾಯಿಸಿದರೂ ನೋವು ಯಾರದೋ ಅವರಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ನಗುವ ರೀತಿ, ಜಗಳವಾಡುವ ರೀತಿ, ಮಾತಿನ ವರಸೆ, ಇವನ್ನು ನಾನು ಧಾರಾಳವಾಗಿ ಎತ್ತಿಕೊಳ್ಳುತ್ತೇನೆ. ಗುಟ್ಟಿಗೆ ಮಾತ್ರ ಅನುಮತಿ ಬೇಕು. ಒಮ್ಮೆ ಒಬ್ಬರು ಓದಿ, "ಇದು ಬೇಡ" ಅಂದರು, ತೆಗೆದೆ. ಕತೆ ಅಲ್ಲಿ ಸ್ವಲ್ಪ ಬಡವಾಯಿತು, ನಿಜ. ತೆಗೆದದ್ದಕ್ಕೆ ಬೇಸರವಿಲ್ಲ.

ಬರೆಯುವ ಗೆಳೆಯರ ನಡುವೆ ಅಸೂಯೆ ಇರುವುದಿಲ್ಲವಾ ಅಂತ ಕೇಳುತ್ತಾರೆ. ಇರುತ್ತದೆ. ಅದನ್ನು ಹತ್ತಿಕ್ಕುವುದಕ್ಕಿಂತ ಒಬ್ಬರ ಕರಡನ್ನೊಬ್ಬರು ಸರಿಯಾಗಿ ಓದುವುದು ಮೇಲು. ಸಾಲು ಸಾಲು ತಿದ್ದುತ್ತಾ ಕೂತಾಗ ಅಸೂಯೆಗೆ ಬಿಡುವು ಸಿಗುವುದಿಲ್ಲ. ನನ್ನ ಕಾದಂಬರಿಯೊಂದನ್ನು ಓದಿದ ಗೆಳತಿ ಹೇಳಿದ್ದಳು: "ಈ ಅಧ್ಯಾಯದಲ್ಲಿ ನೀನು ಕತೆ ಹೇಳ್ತಿಲ್ಲ, ಆ ಪಾತ್ರದ ಮೇಲೆ ಸೇಡು ತೀರಿಸ್ಕೊಳ್ತಿದೀಯ." ಯಾವ ವಿಮರ್ಶಕರೂ ನನಗೆ ಇಷ್ಟು ಉಪಯೋಗದ ಮಾತು ಹೇಳಿಲ್ಲ. ಆ ಅಧ್ಯಾಯವನ್ನು ಆ ಪಾತ್ರದ ಕಣ್ಣಿನಿಂದಲೇ ಮತ್ತೆ ಬರೆದೆ, ಇಡೀ ಪುಸ್ತಕದಲ್ಲಿ ಓದುಗರು ಹೆಚ್ಚು ಮಾತಾಡುವುದು ಅವನ ಬಗ್ಗೆಯೇ.

ಈಗ ಅವಳ ಹೊಸ ಕಾದಂಬರಿಯ ಕರಡು ನನ್ನ ಹತ್ತಿರ ಬಂದಿದೆ, ಅರ್ಧ ಓದಿದ್ದೇನೆ. ಅದನ್ನು ಮುಗಿಸಿ, ಅಂಚಿನಲ್ಲಿ ಬರೆಯಬೇಕಾದ್ದನ್ನೆಲ್ಲ ಬರೆದು ವಾಪಸ್ ಕೊಡುವವರೆಗೆ ನನ್ನ ಬರವಣಿಗೆಗೆ ರಜೆ.