ಮಾರ್ಷಲ್ ದ್ವೀಪದವರಿಗೆ ಮೆಡಿಕೇಡ್ ಇಲ್ಲ ಅನ್ನೋದು ಹಳೇ ಕಥೆ

‘ಅಮೆರಿಕದಲ್ಲಿ ನೆಲೆಸಿದ ಮಾರ್ಷಲ್ ದ್ವೀಪದವರಿಗೆ ಬಡವರ ಸರ್ಕಾರಿ ವಿಮೆ ಮೆಡಿಕೇಡ್ ಸಿಗುವುದೇ ಇಲ್ಲ’ ಎಂಬ ಮಾತು ಹರಿದಾಡುತ್ತಿದೆ. ಈಗ ಅದು ನಿಜವಲ್ಲ.

ಅಮೆರಿಕದ ಜೊತೆಗಿನ 1986ರ ಒಪ್ಪಂದದಂತೆ, ಪೆಸಿಫಿಕ್ ಸಾಗರದ ಈ ದ್ವೀಪದೇಶದವರು ವೀಸಾ ಇಲ್ಲದೆ ಅಲ್ಲಿಗೆ ಹೋಗಿ ದುಡಿಯಬಹುದು. ಮೊದಲು ಮೆಡಿಕೇಡೂ ಇತ್ತು. 1996ರ ಕಾನೂನು ಅದನ್ನು ಕಿತ್ತುಕೊಂಡಿತು. ಅರ್ಕಾನ್ಸಾದ ಸ್ಪ್ರಿಂಗ್‌ಡೇಲ್‌ನಲ್ಲಿ ಕೋಳಿಮಾಂಸದ ಕಾರ್ಖಾನೆಗಳಲ್ಲಿ ದುಡಿದು, ತೆರಿಗೆ ಕಟ್ಟುತ್ತಿದ್ದವರಿಗೂ, ತುರ್ತು ಚಿಕಿತ್ಸೆ ಬಿಟ್ಟರೆ ಬಾಗಿಲು ಬಂದ್. ಅಮೆರಿಕ 1946ರಿಂದ 1958ರವರೆಗೆ 67 ಅಣುಬಾಂಬ್ ಪರೀಕ್ಷೆ ನಡೆಸಿದ್ದು ಇವರ ದ್ವೀಪಗಳಲ್ಲೇ ಅಲ್ವಾ!

2020ರ ಡಿಸೆಂಬರ್‌ನಲ್ಲಿ ಸಹಿಯಾದ ಕಾನೂನು ಆ ಹಕ್ಕನ್ನು ವಾಪಸ್ ಕೊಟ್ಟಿದೆ. ಬೇರೆ ಹಲವು ವಲಸಿಗರಂತೆ ಐದು ವರ್ಷ ಕಾಯಬೇಕಾಗಿಯೂ ಇಲ್ಲ. ಆದರೆ ತಾನಾಗಿ ಬರಲ್ಲ, ಅರ್ಜಿ ಹಾಕಬೇಕು. ಆದಾಯ ಮಿತಿ, ಆಯಾ ರಾಜ್ಯದ ನಿಯಮ ಉಳಿದವರಿಗಿದ್ದ ಹಾಗೇ ಇವರಿಗೂ ಇದೆ.